ಚಿತ್ತಾರ ಎಂದರೆ ಯಾವುದು? ಬರೆದದ್ದು ಮಾತ್ರವೋ, ಸಿಂಗರಿಸಿದ್ದೆಲ್ಲವೋ?

ಮಂಡ್ಯದ ಮಗಳು

ಎಲ್ಲರಿಗೂ ನಮಸ್ಕಾರ. ನಮ್ಮಣ್ಣನಿಗೆ ಸಾಗರದ ಕಡೆ ಹೆಣ್ಣು ನಿಶ್ಚಯವಾಗಿದೆ. ಮದುವೆ ಕೆಲಸದ ನಡುವೆ ಒಂದು ಪದದ ಬಗ್ಗೆ ಎರಡೂ ಮನೆಯವರಿಗೆ ಮಾತುಕತೆ ನಡೆಯಿತು. ಆ ಪದ ‘ಚಿತ್ತಾರ’.

ಮಂಟಪ ಸಿಂಗರಿಸುವವರು ಕೊಟ್ಟ ಪಟ್ಟಿಯಲ್ಲಿ ‘ಚಿತ್ತಾರ ಅಲಂಕಾರ’ ಎಂದು ಬರೆದಿತ್ತು. ಹೂವು, ದೀಪದ ಸರ, ಬಣ್ಣದ ಬಟ್ಟೆ, ಬಾಗಿಲಿಗೆ ಅಂಟಿಸುವ ಮುದ್ರಿತ ಹಾಳೆ, ಎಲ್ಲಾ ಅದರಲ್ಲೇ ಸೇರಿತ್ತು. ನಮ್ಮಮ್ಮನಿಗೆ ಅದರಲ್ಲಿ ಏನೂ ವಿಶೇಷ ಕಾಣಲಿಲ್ಲ. ನಮ್ಮ ಕಡೆ ಚೆಂದದ ಸೀರೆ ಸೆರಗಿಗೂ ಚಿತ್ತಾರ ಎನ್ನುತ್ತೇವೆ, ಕೆತ್ತನೆ ಮಾಡಿದ ಬಾಗಿಲಿಗೂ ಎನ್ನುತ್ತೇವೆ. ಆದರೆ ಅತ್ತಿಗೆಯ ಮನೆಯವರು ‘ಇದು ಚಿತ್ತಾರ ಅಲ್ಲ, ಚಿತ್ತಾರ ಅಂದರೆ ಗೋಡೆಗೆ ಕೈಯಲ್ಲಿ ಬರೆಯೋದು’ ಅಂದರು. ಜಗಳವೇನೂ ಅಲ್ಲ. ಆದರೂ ನನಗೆ ತಿಳಿದುಕೊಳ್ಳಬೇಕು ಅನ್ನಿಸಿತು. ಈ ಪದ ಎಲ್ಲಿಂದ ಬಂತು? ಯಾವುದಕ್ಕೆಲ್ಲ ಹೇಳಬಹುದು? ಬಲ್ಲವರು ತಿಳಿಸಿ.

ವರದಾ ತೀರ

ತಂಗೀ, ನಿಮ್ಮತ್ತಿಗೆ ದೀವರು ಸಮುದಾಯದ ಮನೆಯವರಿರಬೇಕು ಅಲ್ವಾ? ನಾನೂ ಅದೇ ಕಡೆಯವಳು. ಸಾಗರ, ಸೊರಬ, ಹೊಸನಗರ, ಆಚೆ ಸಿದ್ದಾಪುರದವರೆಗೂ ನಮ್ಮಲ್ಲಿ ಮದುವೆ ಅಂದರೆ ಮೊದಲು ಗೋಡೆ ತಯಾರಾಗಬೇಕು. ಅದನ್ನೇ ಹಸೆ ಚಿತ್ತಾರ, ಹಸೆಗೋಡೆ ಚಿತ್ತಾರ ಎನ್ನುತ್ತೇವೆ.

ಕೆಮ್ಮಣ್ಣು ಕಲಸಿ ಗೋಡೆಗೆ ಬಳಿಯುತ್ತಾರೆ. ಅದು ಒಣಗಿದ ಮೇಲೆ ಅಕ್ಕಿ ನೆನೆಸಿ ನುಣ್ಣಗೆ ಅರೆದ ಹಿಟ್ಟಿನಿಂದ ಬಿಳಿ ಗೆರೆ. ಕಪ್ಪು ಬೇಕೆಂದರೆ ಅಕ್ಕಿಯನ್ನೇ ಕರಕಲಾಗುವವರೆಗೆ ಹುರಿದು ಅರೆಯುತ್ತಾರೆ. ಹಳದಿಗೆ ಗುರಿಗೆ ಕಾಯಿಯ ಬೀಜ. ಕುಂಚ ಅಂದರೆ ಪುಂಡಿ ನಾರು, ಅದರ ತುದಿಯನ್ನು ಬೇಕಾದಷ್ಟು ಸಣ್ಣಗೆ ಮಾಡಿಕೊಳ್ಳುತ್ತಾರೆ. ಅಂಗಡಿಯಿಂದ ತರುವುದು ಏನೂ ಇಲ್ಲ.

ಬರೆಯುವುದು ಎಳೆ ಲೆಕ್ಕದಲ್ಲಿ. ಒಂದೊಂದು ಗೆರೆಯೂ ಒಂದೊಂದು ಎಳೆ. ನಮ್ಮ ಮನೆಯಲ್ಲಿ ಮೂರೆಳೆ, ಐದೆಳೆ ಬರೆಯುತ್ತಿದ್ದರು. ಎಳೆ ಜಾಸ್ತಿಯಾದಷ್ಟೂ ಕೈ ಗಟ್ಟಿ ಇರಬೇಕು. ಗೆರೆ ಸ್ವಲ್ಪ ಅಲುಗಿದರೂ ಇಡೀ ಚೌಕ ಕೆಡುತ್ತದೆ. ಅದರೊಳಗೆ ತೇರು, ಬಾಸಿಂಗ, ಭತ್ತದ ತೆನೆ, ಜೋಡಿ ಹಕ್ಕಿ ಬರುತ್ತವೆ. ಎಲ್ಲವೂ ನೇರ ಗೆರೆ, ಓರೆ ಗೆರೆ, ಮೂಲೆಗಳಿಂದಲೇ ಆಗುತ್ತವೆ.

ಹೂವು ಕಟ್ಟಿದರೆ, ದೀಪ ಹಾಕಿದರೆ ನಾವು ಚಿತ್ತಾರ ಎನ್ನುವುದಿಲ್ಲ. ಅದು ಸಿಂಗಾರ.

ಪದ ಹುಡುಕುವವ

ವರದಾ ಅಕ್ಕ ಹೇಳಿದ ಕೊನೆಯ ಮಾತು ತುಂಬಾ ಮುಖ್ಯ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಪದದ ಹುಟ್ಟು.

ಚಿತ್ತಾರ ಬಂದದ್ದು ‘ಚಿತ್ರಕಾರ’ದಿಂದ ಎನ್ನುವುದು ಹೆಚ್ಚು ಒಪ್ಪುವಂಥ ವಿವರಣೆ. ಅಂದರೆ ಮೊದಲು ಅದು ಚಿತ್ರದ ಹೆಸರಲ್ಲ, ಚಿತ್ರ ಬರೆಯುವವನ ಹೆಸರು! ಕುಂಭಕಾರ ಎನ್ನುವುದು ನಮ್ಮಲ್ಲಿ ಕುಂಬಾರ ಆಯಿತು. ನಡುವಿನ ‘ಕ’ ಬಿದ್ದುಹೋಯಿತು, ಉಳಿದದ್ದು ‘ಆರ’. ಹಿಂದಿಯಲ್ಲೂ ಹೀಗೇ ಕುಮ್ಹಾರ್, ಸ್ವರ್ಣಕಾರದಿಂದ ಸುನಾರ್, ಲೋಹಕಾರದಿಂದ ಲೋಹಾರ್ ಆಗಿವೆ. ಅದೇ ದಾರಿಯಲ್ಲಿ ಚಿತ್ರಕಾರ ಚಿತ್ತಾರ ಆಗಿದೆ.

‘ತ್ರ’ ಹೋಗಿ ‘ತ್ತ’ ಬಂದದ್ದು ಹೇಗೆ ಎಂದು ಕೇಳಬಹುದು. ಪ್ರಾಕೃತದಲ್ಲಿ ಇದು ಮಾಮೂಲು. ಪುತ್ರ ಅಲ್ಲಿ ಪುತ್ತ, ಚಿತ್ರ ಅಲ್ಲಿ ಚಿತ್ತ. ನಮ್ಮ ಸತ್ತಿಗೆ ಬಂದದ್ದು ಛತ್ರಿಕೆಯಿಂದ. ಇನ್ನೂ ಹತ್ತಿರದ ಉದಾಹರಣೆ ರೈತರ ಬಾಯಲ್ಲೇ ಇದೆ. ಚಿತ್ರಾ ನಕ್ಷತ್ರದ ಮಳೆಯನ್ನು ಅವರು ‘ಚಿತ್ತೆ ಮಳೆ’ ಎನ್ನುತ್ತಾರೆ. ಸಂಸ್ಕೃತದ ಪದಗಳು ಹೀಗೆ ಕನ್ನಡದ ಬಾಯಿಗೆ ಹೊಂದಿಕೊಂಡದ್ದನ್ನು 13ನೇ ಶತಮಾನದಲ್ಲೇ ಕೇಶಿರಾಜ ‘ಶಬ್ದಮಣಿದರ್ಪಣ’ದ ಅಪಭ್ರಂಶ ಪ್ರಕರಣದಲ್ಲಿ ಕೂತು ವಿಂಗಡಿಸಿದ್ದಾನೆ. ಆಗಲೇ ಇಂಥ ಪದಗಳು ನಮ್ಮಲ್ಲಿ ರಾಶಿ ಇದ್ದವು.

ಬರೆಯುವವನ ಹೆಸರು ಬರೆದ ವಸ್ತುವಿಗೆ ಅಂಟಿಕೊಂಡಿತು. ಬರೆಯುವವರಿಗೆ ಮತ್ತೆ ಹೊಸ ಹೆಸರು ಬೇಕಾಯಿತು. ಆಗ ಬಂದದ್ದು ‘ಚಿತ್ತಾರಿಗ’, ‘ಚಿತ್ತಾರಗಿತ್ತಿ’ಯಂಥ ಪದಗಳು.

ವರದಾ ತೀರ

ಹೌದು, ಚಿತ್ತಾರಗಿತ್ತಿ! ನಮ್ಮಲ್ಲಿ ಇವತ್ತಿಗೂ ಆ ಪದವೇ ಇದೆ. ಊರಿನಲ್ಲಿ ಒಳ್ಳೆಯ ಕೈ ಇರುವ ಒಬ್ಬಿಬ್ಬರು ಇರುತ್ತಾರೆ. ಮದುವೆ ಮನೆಯವರು ಅವರನ್ನು ಮರ್ಯಾದೆಯಿಂದ ಕರೆದುಕೊಂಡು ಬರುತ್ತಾರೆ.

ಅಳವಂಡಿ ದಾರಿ

ಸರ್, ನೀವು ಹೇಳಿದ್ದು ಓದಿ ನನಗೆ ಬಹಳ ಖುಷಿಯಾಯಿತು. ನಾನು ಕೊಪ್ಪಳ ಜಿಲ್ಲೆಯವನು. ನಮ್ಮ ಹತ್ತಿರದ ಕಿನ್ನಾಳದಲ್ಲಿ ಗೊಂಬೆ, ದೇವರ ಮೂರ್ತಿ ಮಾಡುವ ಮನೆತನದವರನ್ನು ‘ಚಿತ್ರಗಾರರು’ ಎಂದೇ ಕರೆಯುತ್ತೇವೆ. ಹಾಗಾದರೆ ಸಾಗರದ ಚಿತ್ತಾರ, ಕಿನ್ನಾಳದ ಚಿತ್ರಗಾರ, ಎರಡೂ ಒಂದೇ ಪದ ಆಯಿತಲ್ಲ?

ಪದ ಹುಡುಕುವವ

ಒಂದೇ ಪದ, ಎರಡು ಕಾಲದಲ್ಲಿ ಬಂದದ್ದು. ಪ್ರಾಕೃತದ ದಾರಿಯಲ್ಲಿ ಸವೆದು ಬಂದಾಗ ‘ಚಿತ್ತಾರ’. ‘ಕಾರ’ ಎನ್ನುವುದು ‘ಗಾರ’ ಆಗಿ ಕನ್ನಡದ್ದೇ ಪ್ರತ್ಯಯ ಎನ್ನುವಷ್ಟು ಬೆರೆತುಹೋದ ಮೇಲೆ ಬಂದದ್ದು ‘ಚಿತ್ರಗಾರ’. ಬಳೆಗಾರ, ಹೂಗಾರ, ಮಾಲೆಗಾರ ಇರುವ ಸಾಲಿನಲ್ಲೇ ಅದೂ ಇದೆ. ಒಂದು ಕಡೆ ಅದು ಗೋಡೆಯ ಮೇಲಿನ ಕೆಲಸದ ಹೆಸರು, ಇನ್ನೊಂದು ಕಡೆ ಮನೆತನದ ಹೆಸರು.

ಚಿತ್ತಾರಗಿತ್ತಿಯನ್ನು ಬಿಡಿಸಿ ನೋಡಿದರೂ ಇದೇ ಕಾಣುತ್ತದೆ. ಅದರಲ್ಲಿ ‘ಮಾಡುವವರು’ ಎಂಬ ಅರ್ಥ ಎರಡು ಸಲ ಇದೆ. ಒಮ್ಮೆ ‘ಆರ’ದಲ್ಲಿ, ಇನ್ನೊಮ್ಮೆ ಸೂಲಗಿತ್ತಿಯಲ್ಲಿ ಬರುವ ಅದೇ ‘ಗಿತ್ತಿ’ಯಲ್ಲಿ. ಮೊದಲನೆಯದನ್ನು ಜನ ಪೂರ್ತಿ ಮರೆತ ಮೇಲೇ ಎರಡನೆಯದನ್ನು ಸೇರಿಸಲು ಸಾಧ್ಯ.

ಒಳದನಿ

ನಾನು ಬೇರೆ ಥರ ಕೇಳಿದ್ದೆ. ಚಿತ್ತ ಅಂದರೆ ಮನಸ್ಸು. ಚಿತ್ತದಲ್ಲಿ ಮೂಡಿದ್ದನ್ನು ಗೋಡೆಗೆ ತರುವುದೇ ಚಿತ್ತಾರ ಎಂದು ನಮ್ಮ ಮೇಷ್ಟ್ರು ಹೇಳುತ್ತಿದ್ದರು. ಹಸೆ ಚಿತ್ತಾರಕ್ಕೆ ನಕ್ಷೆ ಇಟ್ಟುಕೊಳ್ಳುವುದಿಲ್ಲ, ಎಲ್ಲ ಮನಸ್ಸಿನಲ್ಲೇ ಇರುತ್ತದೆ ಎನ್ನುತ್ತಾರೆ. ಹಾಗಾಗಿ ನನಗೆ ಅದೇ ಸರಿ ಅನ್ನಿಸುತ್ತದೆ.

ಪದ ಹುಡುಕುವವ

ನಿಮ್ಮ ಮೇಷ್ಟ್ರ ವಿವರಣೆ ಚೆನ್ನಾಗಿದೆ, ಪಾಠ ಹೇಳುವಾಗ ಮಕ್ಕಳ ಮನಸ್ಸಿಗೆ ಹತ್ತಿರವಾಗುತ್ತದೆ. ಆದರೆ ಪದರಚನೆಗೆ ಅದು ಹೊಂದುವುದಿಲ್ಲ. ಚಿತ್ತ ಎಂಬುದಕ್ಕೆ ‘ಆರ’ ಸೇರಿಸಿದರೆ ಅರ್ಥ ಬರುವುದಿಲ್ಲ. ಚಿತ್ರಕಾರ ಎಂದು ಹಿಡಿದರೆ ಉಳಿದ ಪದಗಳ ಸಾಲಿನಲ್ಲಿ ಸಲೀಸಾಗಿ ಕೂರುತ್ತದೆ.

ಒಂದು ವಿಷಯ ಮಾತ್ರ ನಿಮ್ಮ ಕಡೆಗಿದೆ. ಸಂಸ್ಕೃತದಲ್ಲಿ ಚಿತ್ತ ಮತ್ತು ಚಿತ್ರ ಎರಡಕ್ಕೂ ಮೂಲ ‘ಚಿತ್’ ಎಂಬ ಧಾತು. ಗಮನಿಸು, ಅರಿವಿಗೆ ಬರು, ಕಾಣಿಸಿಕೊಳ್ಳು ಎಂಬ ಅರ್ಥದ್ದು. ಅರಿಯುವುದು ಚಿತ್ತ, ಕಣ್ಣಿಗೆ ಎದ್ದು ಕಾಣುವುದು ಚಿತ್ರ. ಸಂಬಂಧ ಇದೆ, ಆದರೆ ಬಹಳ ಹಿಂದಿನದು.

ಚಿತ್ರಾನ್ನ ಪ್ರಿಯೆ

ಹಾಗಾದರೆ ಚಿತ್ರಾನ್ನದಲ್ಲಿ ಚಿತ್ರ ಎಲ್ಲಿದೆ?

ಪದ ಹುಡುಕುವವ

ಒಳ್ಳೆಯ ಪ್ರಶ್ನೆ. ಮಂಡ್ಯದ ಮಗಳ ಅಮ್ಮನ ಬಳಕೆಗೆ ಇಲ್ಲೇ ಒಂದು ಆಧಾರ ಸಿಗುತ್ತದೆ.

ಸಂಸ್ಕೃತದಲ್ಲಿ ‘ಚಿತ್ರ’ ಮೊದಲು ಬರೆದ ಪಟದ ಹೆಸರಾಗಿರಲಿಲ್ಲ. ಹೊಳೆಯುವುದು, ಬಣ್ಣಬಣ್ಣದ್ದು, ಚುಕ್ಕೆಚುಕ್ಕೆಯಾಗಿರುವುದು, ಅಚ್ಚರಿ ಹುಟ್ಟಿಸುವುದು, ಇವೆಲ್ಲ ಅದರ ಹಳೆಯ ಅರ್ಥಗಳು. ಹೊಳೆಯುವ ನಕ್ಷತ್ರಕ್ಕೆ ಚಿತ್ರಾ ಎಂದು ಹೆಸರಿಟ್ಟಿದ್ದು ಅದಕ್ಕೇ. ಅರಿಸಿನ, ಒಗ್ಗರಣೆ ಬಿದ್ದು ಬಣ್ಣ ಬಣ್ಣವಾದ ಅನ್ನ ಚಿತ್ರಾನ್ನ. ‘ವಿಚಿತ್ರ’ದಲ್ಲಿ ಅಚ್ಚರಿಯ ಅರ್ಥ ಉಳಿದುಕೊಂಡಿದೆ. ಆದ್ದರಿಂದ ಬಣ್ಣ ತುಂಬಿದ ಸೆರಗನ್ನು ಚಿತ್ತಾರ ಎನ್ನುವುದು ಆಧಾರವಿಲ್ಲದ ಮಾತಲ್ಲ. ಪದದ ಬೇರಿನಲ್ಲೇ ಆ ಬಣ್ಣ ಇದೆ.

ಮಾಳಮಡ್ಡಿಯವಳು

ನಾನು ಧಾರವಾಡದಿಂದ. ಸೆರಗಿನ ಮಾತು ಬಂದದ್ದಕ್ಕೆ ಹೇಳುತ್ತೇನೆ. ಇಳಕಲ್ ಸೀರೆಯ ಮೇಲೆ, ಕುಬುಸದ ಮೇಲೆ, ಮಕ್ಕಳ ಕುಂಚಿಗೆಯ ಮೇಲೆ ನಾವು ಹಾಕುವುದು ಕಸೂತಿ. ಅದಕ್ಕೆ ಪತ್ರಿಕೆಯವರು ‘ದಾರದ ಚಿತ್ತಾರ’ ಎಂದು ಬರೆಯುತ್ತಾರೆ. ಓದಲು ಹಿತವಾಗಿದೆ. ಆದರೆ ನಮ್ಮ ಮನೆಗಳಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ.

ಕಸೂತಿಗೆ ಅದರದೇ ಭಾಷೆ ಇದೆ. ಗವಂತಿ, ಮುರ್ಗಿ, ನೇಗಿ, ಮೆಂತಿ ಎಂದು ನಾಲ್ಕು ಹೊಲಿಗೆ. ಬಟ್ಟೆಯ ಮೇಲೆ ಮೊದಲೇ ಗೆರೆ ಬರೆದುಕೊಳ್ಳುವುದಿಲ್ಲ, ನೇಯ್ಗೆಯ ಎಳೆ ಎಣಿಸಿಯೇ ಸೂಜಿ ಹಾಕಬೇಕು. ಗಂಟು ಕಟ್ಟುವಂತಿಲ್ಲ. ಗವಂತಿ ಮತ್ತು ಮುರ್ಗಿಯಲ್ಲಿ ಬಟ್ಟೆಯ ಎರಡೂ ಬದಿ ಒಂದೇ ಥರ ಕಾಣಬೇಕು. ಗೋಪುರ, ತೇರು, ತುಳಸಿ ಕಟ್ಟೆ, ಆನೆ ಅಂಬಾರಿ, ನವಿಲು ಎಲ್ಲಾ ಹೀಗೆ ಎಣಿಸಿಯೇ ಮೂಡುತ್ತವೆ. ವರದಾ ಅಕ್ಕನೂ ಎಳೆ ಎಂದರು, ನಾವೂ ಎಳೆ ಎನ್ನುತ್ತೇವೆ. ಅವರದು ಗೆರೆಯ ಎಳೆ, ನಮ್ಮದು ನೂಲಿನ ಎಳೆ.

ಇಷ್ಟು ಗಟ್ಟಿ ಹೆಸರು ಇರುವಾಗ ಅದರ ಮೇಲೆ ಚಿತ್ತಾರ ಎಂಬ ಹೆಸರು ಹೊದಿಸುವುದು ನನಗೆ ಬೇಡ ಅನ್ನಿಸುತ್ತದೆ.

ಒಳದನಿ

ಅಕ್ಕ, ಕಸೂತಿ ಅಂದರೆ ಕೈ ಮತ್ತು ಸೂತಿ ಸೇರಿ ಆದದ್ದು ಅಲ್ವಾ? ಎಲ್ಲ ಕಡೆ ಹಾಗೇ ಬರೆದಿರುತ್ತಾರೆ.

ಪದ ಹುಡುಕುವವ

ಜನಪ್ರಿಯ ವಿವರಣೆ ಅದೇ. ನನಗೆ ಅದರಲ್ಲಿ ಒಂದು ತೊಡಕು ಕಾಣುತ್ತದೆ. ಕನ್ನಡದಲ್ಲಿ ಕೈ ಜೊತೆ ಇನ್ನೊಂದು ಪದ ಸೇರಿದಾಗ ‘ಕೈ’ ಹಾಗೇ ಉಳಿಯುತ್ತದೆ. ಕೈಮಗ್ಗ, ಕೈಚೀಲ, ಕೈಚಳಕ, ಕೈಬಳೆ. ‘ಕ’ ಎಂದು ಮೊಟಕಾಗುವುದಿಲ್ಲ. ಇನ್ನೊಂದು ಕಡೆ ‘ಕಶೀದಾ’ ಎಂಬ ಪದವನ್ನು ನೋಡಿ. ಕಾಶ್ಮೀರದಿಂದ ಮಹಾರಾಷ್ಟ್ರದವರೆಗೂ ದಾರದ ಕೆಲಸಕ್ಕೆ ಆ ಹೆಸರಿದೆ. ಪರ್ಸಿಯನ್‌ನ ‘ಕಶೀದನ್’ ಎಂದರೆ ಎಳೆಯುವುದು. ನಮ್ಮ ಕಸೂತಿ ಆ ಕುಟುಂಬದ್ದಿರಬಹುದು ಎನ್ನುವುದು ನನ್ನ ಅನಿಸಿಕೆ. ಪದ ಹೊರಗಿನಿಂದ ಬಂದರೂ ಕೆಲಸ ಧಾರವಾಡದ ಹೆಣ್ಣುಮಕ್ಕಳದೇ.

ಮಾಳಮಡ್ಡಿಯವಳು

ಅದು ಮಾತ್ರ ನಿಜ.

ಅಘನಾಶಿನಿ

ಕರಾವಳಿಯಿಂದ ಒಂದೆರಡು ಮಾತು. ನಮ್ಮಲ್ಲಿ ದೇವಸ್ಥಾನಗಳ ಗೋಡೆಗೆ ಕಾವಿ ಕಲೆ ಇದೆ. ಸುಣ್ಣದ ಗಾರೆಯ ಮೇಲೆ ಕೆಂಪು ಕಾವಿ ಬಳಿದು, ಹಸಿ ಆರುವ ಮೊದಲೇ ಮೊನೆಯಿಂದ ಕೆರೆದು ತೆಗೆಯುತ್ತಾರೆ. ಕೆರೆದ ಕಡೆ ಒಳಗಿನ ಬಿಳಿ ಕಾಣುತ್ತದೆ. ಗೋವಾದಿಂದ ಉತ್ತರ ಕನ್ನಡದವರೆಗೆ ಇದು ಇದೆ. ಶಿರಸಿಯ ಮಾರಿಕಾಂಬಾ ದೇವಸ್ಥಾನಕ್ಕೆ ಹೋದವರು ನೋಡಿರುತ್ತೀರಿ.

ಇದೂ ಕೆಂಪು ಬಿಳಿ, ಹಸೆ ಚಿತ್ತಾರವೂ ಕೆಂಪು ಬಿಳಿ. ದೂರದಿಂದ ನೋಡಿದವರಿಗೆ ಎರಡೂ ಒಂದೇ ಎನ್ನಿಸಬಹುದು. ಆದರೆ ಒಂದರಲ್ಲಿ ಬಿಳಿಯನ್ನು ಮೇಲೆ ಇಡುತ್ತಾರೆ, ಇನ್ನೊಂದರಲ್ಲಿ ಕೆಂಪನ್ನು ತೆಗೆದು ಬಿಳಿಯನ್ನು ಹೊರಗೆ ತರುತ್ತಾರೆ. ನಮ್ಮ ಅಜ್ಜಿ ದೀಪಾವಳಿಗೆ ಶೇಡಿ ಮಣ್ಣಿನಲ್ಲಿ ನೆಲಕ್ಕೆ, ಹೊಸ್ತಿಲಿಗೆ ಬರೆಯುತ್ತಿದ್ದರು. ಅದಕ್ಕೆ ಶೇಡಿ ಬರೆಯುವುದು ಎನ್ನುತ್ತಿದ್ದರು. ಮಣ್ಣಿನ ಹೆಸರೇ ಕೆಲಸಕ್ಕೂ.

ನಾನು ಗಮನಿಸಿದ್ದು ಕ್ರಿಯಾಪದ. ಚಿತ್ತಾರ ‘ಬರೆಯುತ್ತಾರೆ’, ಹಸೆ ‘ಬರೆಯುತ್ತಾರೆ’. ರಂಗೋಲಿ ‘ಹಾಕುತ್ತಾರೆ’ ಅಥವಾ ‘ಬಿಡುತ್ತಾರೆ’. ಕಸೂತಿ ‘ಹಾಕುತ್ತಾರೆ’. ತೋರಣ ‘ಕಟ್ಟುತ್ತಾರೆ’. ಅಲಂಕಾರ ‘ಮಾಡುತ್ತಾರೆ’. ಚಿತ್ತಾರ ಕಟ್ಟಿದರು ಎಂದು ಯಾರಾದರೂ ಹೇಳುತ್ತಾರಾ? ನಾನಂತೂ ಕೇಳಿಲ್ಲ. ಪದದ ಜೊತೆ ಯಾವ ಕ್ರಿಯೆ ಸಲೀಸಾಗಿ ಬರುತ್ತದೆ ಎಂದು ನೋಡಿದರೆ ಅದರ ಎಲ್ಲೆ ಗೊತ್ತಾಗುತ್ತದೆ.

ವರದಾ ತೀರ

ಎಷ್ಟು ಸರಿಯಾಗಿ ಹೇಳಿದಿರಿ. ನಮ್ಮಲ್ಲಿ ‘ಬಿಡಿಸುವುದು’ ಎನ್ನುವುದೂ ಇಲ್ಲ. ಅದು ಶಾಲೆಯಿಂದ ಬಂದ ಮಾತು. ಚಿತ್ತಾರ ಬರೆಯುವುದೇ.

ಹಸೆ ಎಂದರೇನು ಎಂದು ಇನ್ನೂ ಯಾರೂ ಕೇಳಿಲ್ಲ. ಮದುಮಕ್ಕಳು ಕೂರುವ ಜಾಗ ಹಸೆ. ಅವರ ಬೆನ್ನ ಹಿಂದಿನ ಗೋಡೆ ಹಸೆಗೋಡೆ. ಅಲ್ಲಿಗೆ ಬರೆದದ್ದು ಹಸೆ ಚಿತ್ತಾರ.

ಪದ ಹುಡುಕುವವ

ಹಳಗನ್ನಡದಲ್ಲಿ ಅದು ‘ಪಸೆ’. ಪಾಲು ಹಾಲಾದಂತೆ, ಪೂವು ಹೂವಾದಂತೆ, ಪಸೆ ಹಸೆಯಾಯಿತು. ‘ಹಸೆಮಣೆ ಏರಿದರು’ ಎಂದು ಈಗಲೂ ಪತ್ರಿಕೆಯಲ್ಲಿ ಬರುವ ಹಸೆ ಇದೇ. ಹಸೆ ಚಿತ್ತಾರದಲ್ಲಿ ಅಚ್ಚಗನ್ನಡದ ಒಂದು ಪದ, ಪ್ರಾಕೃತದ ದಾರಿಯಲ್ಲಿ ಬಂದ ಒಂದು ಪದ, ಎರಡೂ ಒಟ್ಟಿಗೆ ಕೂತಿವೆ.

ಅಚ್ಚಿನ ಮನೆ

ನಾನು ಆಮಂತ್ರಣ ಪತ್ರಿಕೆ, ಬ್ಯಾನರ್ ವಿನ್ಯಾಸ ಮಾಡುವವನು. ಇಲ್ಲಿ ನನ್ನಂಥವರ ಕಡೆಯಿಂದಲೂ ಒಂದು ಮಾತು ಇರಲಿ ಎಂದು ಬರೆಯುತ್ತಿದ್ದೇನೆ.

ಇತ್ತೀಚೆಗೆ ಕೆಂಪು ಹಿನ್ನೆಲೆಯ ಮೇಲೆ ಬಿಳಿ ಗೆರೆಯ ವಿನ್ಯಾಸ ಕೇಳುವವರು ಜಾಸ್ತಿ. ಪತ್ರಿಕೆಗೆ, ಚೀಲಕ್ಕೆ, ಸೀರೆಗೆ, ಲೋಟಕ್ಕೆ, ಎಲ್ಲಕ್ಕೂ ಬೇಕು. ಅವರಿಗೆ ನಾನು ಯಾವ ಹೆಸರು ಹೇಳಲಿ? ‘ಚಿತ್ತಾರ’ ಎಂದರೆ ತಕ್ಷಣ ಅರ್ಥವಾಗುತ್ತದೆ. ಗೋಡೆಗೆ ಬರೆದದ್ದು ಮಾತ್ರ ಚಿತ್ತಾರ ಎಂದು ಕಟ್ಟುಹಾಕಿದರೆ ಪದ ಒಂದೇ ಊರಿನಲ್ಲಿ ಉಳಿದುಬಿಡುತ್ತದೆ. ಪದಗಳು ಬೆಳೆಯಬೇಕಲ್ಲವೇ? ದೀಪಾವಳಿಯ ಮರುದಿನ ‘ಆಗಸದಲ್ಲಿ ಬೆಳಕಿನ ಚಿತ್ತಾರ’ ಎಂದು ತಲೆಬರಹ ಬರುತ್ತದೆ. ಅದನ್ನು ಓದಿ ಯಾರಿಗೂ ಗೊಂದಲವಾಗುವುದಿಲ್ಲ.

ವರದಾ ತೀರ

ತಮ್ಮಾ, ನಿಮ್ಮ ಮಾತಿನಲ್ಲಿ ತಪ್ಪಿಲ್ಲ. ಆಗಸದ ಬೆಳಕಿಗೆ ಚಿತ್ತಾರ ಎಂದರೆ ನನಗೇನೂ ಬೇಸರವಿಲ್ಲ. ಅದು ಕವಿಮಾತು, ಯಾರ ಕೆಲಸವನ್ನೂ ಕಸಿಯುವುದಿಲ್ಲ.

ಆದರೆ ನಮ್ಮ ಊರಿನ ಗೋಡೆಯ ನಮೂನೆಯನ್ನೇ ಫೋಟೋ ತೆಗೆದು, ಹಾಳೆಯಲ್ಲಿ ಅಚ್ಚು ಹಾಕಿ, ಮಂಟಪದ ಹಿಂದೆ ಅಂಟಿಸಿ ‘ಹಸೆ ಚಿತ್ತಾರ’ ಎಂದು ಹಣ ಪಡೆದರೆ ಅದು ಬೇರೆ. ನಮ್ಮ ಕಡೆಯ ಮದುವೆಗಳಲ್ಲೇ ಈಗ ಹೀಗೆ ಆಗುತ್ತಿದೆ. ಗೋಡೆಗಳು ಸಿಮೆಂಟಿನವು, ಮದುವೆ ಛತ್ರದಲ್ಲಿ. ಅರ್ಧ ದಿನಕ್ಕೆ ಬಾಡಿಗೆ ಹಿಡಿದ ಛತ್ರದ ಗೋಡೆಗೆ ಯಾರು ಕೆಮ್ಮಣ್ಣು ಬಳಿಯಲು ಬಿಡುತ್ತಾರೆ? ಹಾಗಾಗಿ ಹಾಳೆ ಬಂತು. ಹಾಳೆ ಬಂದ ಮೇಲೆ ಚಿತ್ತಾರಗಿತ್ತಿಯನ್ನು ಕರೆಯುವುದು ನಿಂತಿತು. ಹೆಸರು ಮಾತ್ರ ಹಾಗೇ ಉಳಿಯಿತು.

ಬರೆಯುವವರ ಹೆಸರೇ ಈ ಪದವಾಗಿತ್ತು ಎಂದು ಮೇಲೆ ಬರೆದಿದ್ದಾರೆ. ಅದನ್ನು ಓದಿದ ಮೇಲೆ ನನಗೆ ಇದು ಇನ್ನೂ ಚುಚ್ಚುತ್ತಿದೆ. ಬರೆದವರನ್ನೇ ಬಿಟ್ಟು ಆ ಪದ ಇಟ್ಟುಕೊಳ್ಳುವುದು ನ್ಯಾಯವಲ್ಲ.

ಅಚ್ಚಿನ ಮನೆ

ಅಕ್ಕ, ನೀವು ಹೇಳಿದ್ದು ಮನಸ್ಸಿಗೆ ನಾಟಿತು. ಹಾಗಾದರೆ ನನ್ನಂಥವರು ಏನು ಮಾಡಬಹುದು ಎಂದು ಹೇಳಿ. ಗಿರಾಕಿಗಳು ಕೇಳುವುದನ್ನು ನಿಲ್ಲಿಸಲು ನನಗೆ ಆಗುವುದಿಲ್ಲ.

ವರದಾ ತೀರ

ನಮೂನೆಯನ್ನು ಒಬ್ಬ ಚಿತ್ತಾರಗಿತ್ತಿಯ ಹತ್ತಿರ ಬರೆಸಿಕೊಳ್ಳಿ. ಅದಕ್ಕೆ ಸರಿಯಾದ ಹಣ ಕೊಡಿ. ಪತ್ರಿಕೆಯ ಮೂಲೆಯಲ್ಲಿ ಬರೆದವರ ಹೆಸರು, ಊರು ಹಾಕಿ. ಈಗ ಅನೇಕರು ಕೈಯಲ್ಲಿ ಮಾಡಿದ ಕಾಗದ, ಬಟ್ಟೆ, ಬಿದಿರ ಬುಟ್ಟಿಯ ಮೇಲೂ ಬರೆಯುತ್ತಾರೆ. ಛತ್ರದ ಗೋಡೆ ಸಿಗದಿದ್ದರೆ ದೊಡ್ಡ ಹಲಗೆಗೋ ಬಟ್ಟೆಗೋ ಕೆಮ್ಮಣ್ಣು ಬಳಿದು ಬರೆಸಬಹುದು. ಅದನ್ನು ಹಸೆಯ ಹಿಂದೆ ನಿಲ್ಲಿಸಿದರೂ ಆಯಿತು. ಅದು ಚಿತ್ತಾರವೇ.

ಅಳವಂಡಿ ದಾರಿ

ಕಿನ್ನಾಳದಲ್ಲೂ ಇದೇ ಕಥೆ. ಚಿತ್ರಗಾರರ ಕೆಲಸ ಬಹಳ ನಿಧಾನದ್ದು. ಹಗುರವಾದ ಮರವನ್ನು ಕೆತ್ತಿ, ಹುಣಸೆ ಬೀಜದ ಅಂಟಿನಲ್ಲಿ ಮರದ ಹೊಟ್ಟು, ಗೋಣಿ ನಾರು ಕಲಸಿ ಹಚ್ಚಿ ಮೈ ತುಂಬಿಸುತ್ತಾರೆ. ಗೊಂಬೆಯ ಒಡವೆ, ಕಿರೀಟ ಎಲ್ಲ ಉಬ್ಬಿ ನಿಲ್ಲಬೇಕು, ಅದಕ್ಕೆ ಕಲ್ಲಿನ ಪುಡಿ ಬೆರೆಸಿದ ಬೇರೆಯದೇ ಲೇಪ. ಕೊನೆಗೆ ಬಣ್ಣ. ಇಷ್ಟೆಲ್ಲ ಆದ ಗೊಂಬೆಯನ್ನು ಕೊಳ್ಳುವವರು ‘ಬೊಂಬೆ’ ಎಂದಷ್ಟೇ ನೋಡುತ್ತಾರೆ. ಕಿನ್ನಾಳ ಗೊಂಬೆಗೆ ಭೌಗೋಳಿಕ ಗುರುತು ಸಿಕ್ಕಿದೆ. ಹೆಸರಿಗೆ ಅದರಿಂದ ರಕ್ಷಣೆ ಇದೆ. ಆದರೆ ಕೈಗೆ ಕೆಲಸ ಸಿಗುವುದು ನಾವು ಕೊಂಡರೆ ಮಾತ್ರ.

ಕಲಘಟಗಿ ತೊಟ್ಟಿಲ ವಿಷಯವೂ ಹಾಗೇ. ಅರಗಿನ ಬಣ್ಣದಲ್ಲಿ ಕೃಷ್ಣನ ಕಥೆ, ರಾಮಾಯಣದ ಕಥೆ ಬರೆದ ತೊಟ್ಟಿಲು ನಮ್ಮ ಕಡೆ ಬಾಣಂತನಕ್ಕೆ ಕೊಡುವ ದೊಡ್ಡ ಉಡುಗೊರೆ. ಅದನ್ನು ‘ಚಿತ್ತಾರದ ತೊಟ್ಟಿಲು’ ಎಂದರೆ ನನ್ನ ಕಿವಿಗೆ ಸರಿಯಾಗಿಯೇ ಕೇಳುತ್ತದೆ. ಅದು ಗೋಡೆಯಲ್ಲ, ಆದರೆ ಕೈಯಲ್ಲಿ ಬರೆದದ್ದು.

ಮಂಡ್ಯದ ಮಗಳು

ಇಷ್ಟೊಂದು ವಿಷಯ ಬರುತ್ತದೆ ಎಂದು ನಾನು ಅಂದುಕೊಂಡಿರಲಿಲ್ಲ. ಎಲ್ಲ ಓದಿ ಅಮ್ಮನಿಗೂ ಹೇಳಿದೆ. ಅಮ್ಮ ಕೇಳಿದ್ದು ಒಂದೇ ಪ್ರಶ್ನೆ. ‘ಕೆತ್ತಿದ ಬಾಗಿಲಿಗೆ ಚಿತ್ತಾರದ ಬಾಗಿಲು ಅಂತ ನಮ್ಮ ಅತ್ತೆ ಹೇಳ್ತಿದ್ರು. ಅದೂ ಕೈಕೆಲಸವೇ ತಾನೇ?’ ಇದಕ್ಕೆ ಏನು ಹೇಳಲಿ?

ಪದ ಹುಡುಕುವವ

ನಿಮ್ಮ ಅಮ್ಮ, ಅವರ ಅತ್ತೆ, ಇಬ್ಬರೂ ಹೇಳುವುದು ನಿಜವಾದ ಬಳಕೆ. ನಿಘಂಟು ಹಿಂದೆ ಬರುತ್ತದೆ, ಬಾಯಿ ಮುಂದೆ ಹೋಗುತ್ತದೆ. ಕಿಟೆಲ್ ತಮ್ಮ ನಿಘಂಟನ್ನು ಮಂಗಳೂರಿನಲ್ಲಿ ಅಚ್ಚು ಹಾಕಿಸಿದ್ದು 1894ರಲ್ಲಿ. ಅದಾದ ಮೇಲೆ ಪದಗಳ ಅರ್ಥ ಎಷ್ಟೋ ಕಡೆಗೆ ಹರಡಿದೆ.

ಈಗ ವರದಾ ಅಕ್ಕ ಮೊದಲು ಹೇಳಿದ ಸಿಂಗಾರದ ಮಾತಿಗೆ ಬರುತ್ತೇನೆ. ನನ್ನ ಪ್ರಕಾರ ಎಲ್ಲೆ ಅಲ್ಲೇ ಇದೆ. ಸಿಂಗಾರ ಎಂದರೆ ಒಂದು ವಸ್ತುವಿಗೆ ಇನ್ನೊಂದನ್ನು ತಂದು ತೊಡಿಸುವುದು. ಹೂವು, ದೀಪ, ಬಟ್ಟೆ, ಒಡವೆ ಇವನ್ನು ಇವತ್ತು ಹಾಕಿ ನಾಳೆ ತೆಗೆದರೆ ಒಳಗಿನ ವಸ್ತು ಹಾಗೇ ಇರುತ್ತದೆ. ಚಿತ್ತಾರ ಹಾಗಲ್ಲ. ಅದು ವಸ್ತುವಿನ ಮೈಯಲ್ಲೇ ಮೂಡಿರಬೇಕು. ಗೋಡೆಯ ಮೇಲಿನ ಎಳೆ, ತೊಟ್ಟಿಲಿನ ಅರಗಿನ ಬಣ್ಣ, ಬಾಗಿಲಿನ ಕೆತ್ತನೆ, ಸೆರಗಿನ ನೇಯ್ಗೆ. ಇವುಗಳಿಗೆಲ್ಲ ಚಿತ್ತಾರ ಎನ್ನಬಹುದು. ಹೂವಿನ ಸರಕ್ಕೆ, ಬಲ್ಬಿನ ಸರಕ್ಕೆ ಬೇಡ. ಅಂಟಿಸಿದ ಹಾಳೆಗಂತೂ ಖಂಡಿತ ಬೇಡ.

‘ಹಸೆ ಚಿತ್ತಾರ’ ಎಂಬ ಪೂರ್ತಿ ಹೆಸರನ್ನು ಮಾತ್ರ ಅದು ಯಾರದೋ ಅವರಿಗೇ ಬಿಡೋಣ.

ಅಘನಾಶಿನಿ

ಒಪ್ಪಿದೆ. ರಂಗೋಲಿಯನ್ನು ಎಲ್ಲಿಡುತ್ತೀರಿ? ಅದು ನೆಲದ ಮೈಮೇಲೆ ಇರುತ್ತದೆ, ಆದರೆ ಗುಡಿಸಿದರೆ ಹೋಗುತ್ತದೆ.

ಪದ ಹುಡುಕುವವ

ಹಸೆ ಚಿತ್ತಾರವೂ ಮಳೆಗಾಲ ಕಳೆದರೆ ಮಾಸುತ್ತದೆ. ಎಷ್ಟು ದಿನ ಉಳಿಯುತ್ತದೆ ಎನ್ನುವುದರ ಮೇಲೆ ನಾನು ಎಲ್ಲೆ ಹಾಕುವುದಿಲ್ಲ. ರಂಗೋಲಿಗೆ ‘ಚಿತ್ತಾರದ ರಂಗೋಲಿ’ ಎಂದು ಜನ ಹೇಳುವುದನ್ನು ಕೇಳಿದ್ದೇನೆ, ಕಿವಿಗೆ ಒಗ್ಗುತ್ತದೆ.

ಫ್ರೀಮಾಂಟ್‌ನಿಂದ

ನಾವು ಇಲ್ಲಿ, ಅಮೆರಿಕದಲ್ಲಿ, ಕನ್ನಡ ಶಾಲೆಯಲ್ಲಿ ಮಕ್ಕಳಿಗೆ ಶನಿವಾರ ಪಾಠ ಮಾಡುತ್ತೇವೆ. ಕುಂಬಾರ, ಚಿತ್ತಾರ, ಚಿತ್ತೆ ಮಳೆ, ಚಿತ್ರಾನ್ನ, ಇಷ್ಟನ್ನೂ ಒಂದೇ ತರಗತಿಯಲ್ಲಿ ಹೇಳಿಕೊಡಬಹುದು ಅನ್ನಿಸುತ್ತಿದೆ. ಭೂಮಿ ಹುಣ್ಣಿಮೆಯ ಬುಟ್ಟಿಯ ಮೇಲೂ ಚಿತ್ತಾರ ಬರೆಯುತ್ತಾರೆ ಎಂದು ಕೇಳಿದ್ದೆ. ಮಕ್ಕಳಿಂದ ಸಣ್ಣ ಬುಟ್ಟಿ ಮಾಡಿಸುವ ಆಸೆ ಇದೆ. ಹೇಗೆ ಮಾಡುವುದು, ಯಾರಾದರೂ ಹೇಳುತ್ತೀರಾ?

ವರದಾ ತೀರ

ಖಂಡಿತ ಹೇಳುತ್ತೇನೆ. ಅದು ಭೂಮಣ್ಣಿ ಬುಟ್ಟಿ. ಆಶ್ವೀಜ ಮಾಸದ ಹುಣ್ಣಿಮೆಯ ಹಬ್ಬಕ್ಕೆ ತಯಾರಾಗುತ್ತದೆ. ಅದೇ ಹುಣ್ಣಿಮೆಯನ್ನು ಬಯಲುಸೀಮೆಯಲ್ಲಿ ಸೀಗೆ ಹುಣ್ಣಿಮೆ ಎನ್ನುತ್ತಾರೆ. ಮೇಲೆ ಚಿತ್ತೆ ಮಳೆ ಎಂದರಲ್ಲ, ಹೆಚ್ಚುಕಡಿಮೆ ಅದೇ ಸಮಯ. ಗದ್ದೆಯಲ್ಲಿ ಭತ್ತ ಹೊಡೆ ತುಂಬಿ ನಿಂತಿರುತ್ತದೆ. ಭೂಮಿತಾಯಿ ಬಸುರಿ ಎಂದು ಬಯಕೆಯ ಊಟ ಬಡಿಸುವ ಹಬ್ಬ ಅದು.

ಬಿದಿರ ಬುಟ್ಟಿಗೆ ಮೊದಲು ಸಗಣಿ ಸಾರಿಸಿ ಸಂದು ಮುಚ್ಚುತ್ತೇವೆ. ಒಣಗಿದ ಮೇಲೆ ಕೆಮ್ಮಣ್ಣು. ಅದೂ ಒಣಗಿದ ಮೇಲೆ ಅಕ್ಕಿ ಹಿಟ್ಟಿನ ಎಳೆ. ಹಬ್ಬದ ಹಿಂದಿನ ರಾತ್ರಿಯೆಲ್ಲ ಅಡುಗೆ ನಡೆಯುತ್ತದೆ. ಬೆಳಕು ಹರಿಯುವ ಮೊದಲೇ ಬುಟ್ಟಿ ಹೊತ್ತು ಗದ್ದೆಗೆ ಹೋಗಿ ಚರಗ ಚೆಲ್ಲುತ್ತಾರೆ, ಅಂದರೆ ಆ ಅಡುಗೆಯನ್ನು ಗದ್ದೆಗೆ ಎರಚುತ್ತಾರೆ. ಸಣ್ಣ ಬುಟ್ಟಿ ಒಂದಿರುತ್ತದೆ, ಅದಕ್ಕೆ ಹಚ್ಚಂಬಲಿ ಬುಟ್ಟಿ ಎನ್ನುತ್ತೇವೆ. ಮಕ್ಕಳಿಗೆ ಅದೇ ಅಳತೆ ಸಾಕು.

ಅಲ್ಲಿ ಬಿದಿರು ಸಿಗದಿದ್ದರೆ ಯಾವ ಹೆಣೆದ ಬುಟ್ಟಿಯಾದರೂ ಆಗುತ್ತದೆ. ಸಗಣಿ ಬದಲು ಹಳೇ ಕಾಗದ ನೆನೆಸಿ ಅರೆದು ಮೆತ್ತಿಸಿ. ಕೆಂಪು ಜೇಡಿ ಮಣ್ಣು ಕಲಾ ಸಾಮಗ್ರಿ ಅಂಗಡಿಯಲ್ಲಿ ಸಿಗಬಹುದು. ಅಕ್ಕಿಯನ್ನು ಚೆನ್ನಾಗಿ ನೆನೆಸಿ, ಅತಿ ನುಣ್ಣಗೆ ರುಬ್ಬಿ, ಬಟ್ಟೆಯಲ್ಲಿ ಸೋಸಿಕೊಳ್ಳಿ. ತರಿ ಇದ್ದರೆ ಎಳೆ ತುಂಡಾಗುತ್ತದೆ. ಹಿಟ್ಟು ತೆಳುವಾದರೆ ಬರೆಯುವಾಗ ಬೆಳ್ಳಗೆ ಕಾಣಿಸದು, ಒಣಗಿದ ಮೇಲೆ ಬೆಳ್ಳಗಾಗುತ್ತದೆ. ಅದಕ್ಕೆ ಮಕ್ಕಳು ಅವಸರಪಟ್ಟು ಮೇಲೆ ಮೇಲೆ ಬಳಿಯದಂತೆ ನೋಡಿಕೊಳ್ಳಿ. ಕುಂಚಕ್ಕೆ ಸೆಣಬಿನ ದಾರದ ತುಂಡು ಸಾಕು, ತುದಿಯನ್ನು ಜಜ್ಜಿ ಬಿಡಿಸಿಕೊಳ್ಳಿ.

ಮೊದಲು ಬುಟ್ಟಿಯ ಬಾಯಿಯ ಸುತ್ತ ಒಂದು ಎಳೆ ಎಳೆಯಲು ಹೇಳಿ. ಆಮೇಲೆ ತಳದ ಸುತ್ತ ಇನ್ನೊಂದು. ನಡುವಿನ ಜಾಗವನ್ನು ನಾಲ್ಕು ಪಾಲು ಮಾಡಿ, ಪ್ರತಿ ಪಾಲಿಗೂ ಭತ್ತದ ತೆನೆ ಬರೆಯಲಿ. ನೇರ ಕಡ್ಡಿ, ಅದರ ಎರಡೂ ಬದಿಗೆ ಚಿಕ್ಕ ಓರೆ ಗೆರೆ, ಅಷ್ಟೇ. ಕೈ ಕೂತ ಮೇಲೆ ಎರಡೆಳೆ, ಮೂರೆಳೆಗೆ ಹೋಗಬಹುದು.

ಅಚ್ಚಿನ ಮನೆ

ವರದಾ ಅಕ್ಕ, ನಿಮ್ಮ ಕಡೆ ಪತ್ರಿಕೆಗೆ ಬರೆದುಕೊಡುವವರು ಇದ್ದರೆ ನನಗೆ ಖಾಸಗಿಯಾಗಿ ತಿಳಿಸಿ. ಮಾಘ ಮಾಸದ ಮದುವೆಗಳ ಕೆಲಸ ಶುರುವಾಗುವ ಮೊದಲು ಹೋಗಿ ಬರುತ್ತೇನೆ.

ಮಂಡ್ಯದ ಮಗಳು

ನನಗೂ ತಿಳಿಸಿ ಅಕ್ಕ. ಮಂಟಪದವರ ಪಟ್ಟಿಯಿಂದ ಆ ಹಾಳೆ ತೆಗೆಸಿದ್ದೇವೆ. ಹಲಗೆ ಎಷ್ಟು ಅಗಲ ಬೇಕು, ಕೆಮ್ಮಣ್ಣು ಎಷ್ಟು ದಿನ ಮುಂಚೆ ಬಳಿಯಬೇಕು ಎಂದು ಹೇಳಿದರೆ ಬಡಗಿಗೆ ಹೇಳಿ ಇಡುತ್ತೇನೆ.

ವರದಾ ತೀರ

ಮದುಮಕ್ಕಳಿಬ್ಬರು ಕೂತರೆ ಅವರ ತಲೆಯ ಮೇಲೂ, ಎರಡೂ ಬದಿಗೂ ಚಿತ್ತಾರ ಕಾಣುವಷ್ಟು ಇರಲಿ. ನುಣುಪು ಹಲಗೆ ಬೇಡ, ಮಣ್ಣು ಹಿಡಿಯುವುದಿಲ್ಲ. ಸ್ವಲ್ಪ ತರಿ ಇರುವ ಹಲಗೆ ಇರಲಿ, ಇಲ್ಲವೇ ಮೇಲೆ ದಪ್ಪ ಹತ್ತಿ ಬಟ್ಟೆ ಅಂಟಿಸಿ. ಕೆಮ್ಮಣ್ಣನ್ನು ತೆಳುವಾಗಿ ಎರಡು ಸಲ ಬಳಿಯಬೇಕು. ಮೊದಲನೆಯದು ಪೂರ್ತಿ ಒಣಗದೆ ಎರಡನೆಯದನ್ನು ಬಳಿದರೆ ಬಿರುಕು ಬಿಡುತ್ತದೆ. ಬರೆಯುವವರಿಗೆ ಒಂದೆರಡು ದಿನ ಬಿಡುವು ಸಿಗುವಂತೆ ನೋಡಿಕೊಳ್ಳಿ, ಅವಸರ ಮಾಡಬೇಡಿ. ಬರೆದು ಮುಗಿದ ದಿನ ಅವರಿಗೆ ಅರಿಸಿನ ಕುಂಕುಮ, ಎಲೆ ಅಡಿಕೆ, ರವಿಕೆ ಕಣ ಕೊಟ್ಟು ಕಳಿಸಿ. ಉಳಿದದ್ದನ್ನು ನಿಮ್ಮತ್ತಿಗೆಯ ಅವ್ವನನ್ನೇ ಕೇಳಿ, ಅವರಿಗೆ ಎಲ್ಲಾ ಗೊತ್ತಿರುತ್ತದೆ.